ಬಾರ್ ಬಿದ್ದದ್ದು ಎಲ್ಲಿ, ತಪ್ಪು ಶುರುವಾದದ್ದು ಎಲ್ಲಿ: ಅಜಿಲಿಟಿ ಕಲಿಯುತ್ತಿರುವ ನಾಯಿಗೆ ದೋಷ ನಿವಾರಣೆ ಕೈಪಿಡಿ

ಮನೆ ನಾಯಿಗೆ ಅಜಿಲಿಟಿ, ಅಂದರೆ ಮನುಷ್ಯನ ಸೂಚನೆಯಂತೆ ಜಂಪ್, ಟನಲ್, ಹಲಗೆಗಳನ್ನು ಓಡುತ್ತಾ ದಾಟುವ ಆಟ, ಕಲಿಸಲು ಹೊರಟವರ ದೂರುಗಳು ಮೊದಲ ಎರಡು ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಜಂಪಿನ ಅಡ್ಡಕೋಲಾದ ಬಾರ್ ಬೀಳಿಸುತ್ತದೆ, ಟನಲ್ ಬಾಯಲ್ಲಿ ನಿಂತುಬಿಡುತ್ತದೆ, ಹಲಗೆ ಪೂರ್ತಿ ಇಳಿಯದೆ ಜಿಗಿಯುತ್ತದೆ, ಅರ್ಧ ಓಟದಲ್ಲಿ ಹುಲ್ಲು ಮೂಸುತ್ತಾ ಹೋಗಿಬಿಡುತ್ತದೆ. ದೂರು ಒಂದೇ ಆದರೂ ಕಾರಣ ನಾಯಿಯಿಂದ ನಾಯಿಗೆ ಬೇರೆ. ನಾಲ್ಕನೇ ಜಂಪಿನಲ್ಲಿ ಬಿದ್ದ ಬಾರ್‌ಗೆ ಕಾರಣ ಬಹಳ ಸಲ ಮೂರನೇ ಜಂಪಿನ ಪಕ್ಕ ತಡವಾಗಿ ತಿರುಗಿದ ಮನುಷ್ಯನ ಪಾದ. ಆದ್ದರಿಂದ ತಪ್ಪು ಕಂಡ ಜಾಗದಲ್ಲೇ ರಿಪೇರಿಗೆ ಕೂರಬೇಡಿ.

ಹುಡುಕಬೇಕಾದ ಕ್ರಮ ಹೀಗೆ: ಮೊದಲು ನಾಯಿಯ ಮೈ, ಆಮೇಲೆ ನೆಲ, ಆಮೇಲೆ ಸಾಮಾನು, ಆಮೇಲೆ ಹ್ಯಾಂಡ್ಲರ್‌ನ, ಅಂದರೆ ನಾಯಿಯನ್ನು ಓಡಿಸುವ ನಿಮ್ಮ, ಕಾಲು ಮತ್ತು ಭುಜ, ಎಲ್ಲಕ್ಕಿಂತ ಕೊನೆಗೆ ನಾಯಿಯ ಕಲಿಕೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನಾಯಿಗೆ ಅರ್ಥವಾಗಿಲ್ಲ ಎಂದುಕೊಂಡು ಅದೇ ಜಂಪನ್ನು ಇಪ್ಪತ್ತು ಸಲ ಹಾರಿಸುತ್ತಾರೆ, ಕಾಲು ನೋಯುತ್ತಿತ್ತು ಎಂಬುದು ವಾರ ಕಳೆದ ಮೇಲೆ ಗೊತ್ತಾಗುತ್ತದೆ.

ಪತ್ತೆ ಕೆಲಸಕ್ಕೆ ಮೂರು ಅಭ್ಯಾಸ ಸಾಕು. ಒಂದು, ಫೋನಿನ ಸ್ಲೋ ಮೋಷನ್. ಫೋನನ್ನು ಜಂಪಿಗೆ ನೇರ ಅಡ್ಡದಲ್ಲಿ, ನಿಮ್ಮ ಮೊಣಕಾಲಿನ ಎತ್ತರಕ್ಕೆ, ನಾಲ್ಕೈದು ಮೀಟರ್ ದೂರದಲ್ಲಿ ಇಡಿ. ನಿಮ್ಮ ಪಾದವೂ ಚಿತ್ರದಲ್ಲಿ ಬರಬೇಕು. ನಾಯಿ ನೆಲ ಬಿಟ್ಟ ಕ್ಷಣದಲ್ಲಿ ನಿಮ್ಮ ಪಾದ ಎತ್ತ ತೋರುತ್ತಿತ್ತು ಎಂಬುದು ಬರಿಗಣ್ಣಿಗೆ ಸಿಗುವುದಿಲ್ಲ. ಎರಡು, ಒಂದು ಸಲಕ್ಕೆ ಒಂದೇ ಬದಲಾವಣೆ. ಬಾರ್ ಇಳಿಸಿ, ಜಾಗ ಬದಲಿಸಿ, ಟ್ರೀಟ್ ಕೂಡ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದು. ಮೂರು, ಐದರ ಲೆಕ್ಕ. ಐದು ಪ್ರಯತ್ನದಲ್ಲಿ ನಾಲ್ಕು ಸರಿಯಾದರೆ ಮುಂದಿನ ಹಂತ, ಮೂರಾದರೆ ಅಲ್ಲೇ ಮುಂದುವರಿಸಿ, ಎರಡು ಅಥವಾ ಕಡಿಮೆಯಾದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಸತತವಾಗಿ ಎರಡು ಸಲ ತಪ್ಪಿದರೆ ಮೂರನೆಯದನ್ನು ಅದೇ ರೀತಿ ಮಾಡಿಸಬೇಡಿ. ತಪ್ಪನ್ನೇ ಅಭ್ಯಾಸ ಮಾಡಿಸಿದಂತಾಗುತ್ತದೆ.

ಮೈ ಮತ್ತು ನೆಲ

ನಿನ್ನೆವರೆಗೆ ಸರಿಯಾಗಿ ಹಾರುತ್ತಿದ್ದ ನಾಯಿ ಇವತ್ತು ಬಾರ್ ಬೀಳಿಸಿದರೆ ಅದನ್ನು ಕಾಯಿಲೆ ಅಥವಾ ನೋವು ಎಂದೇ ಮೊದಲು ಹಿಡಿಯಿರಿ. ಹಠ ಎಂದು ಭಾವಿಸಿದರೆ ಕಳೆದುಕೊಳ್ಳುವುದು ನಾಯಿ. ಸಮತಟ್ಟಾದ ಜಾಗದಲ್ಲಿ ನಾಯಿಯನ್ನು ನಿಧಾನ ಓಟದಲ್ಲಿ ಇಪ್ಪತ್ತು ಮೀಟರ್ ಕರೆದುಕೊಂಡು ಹೋಗಿ, ಹಿಂದಿನಿಂದಲೂ ಪಕ್ಕದಿಂದಲೂ ವಿಡಿಯೊ ಮಾಡಿ. ಪೊಮೆರೇನಿಯನ್‌ನಂಥ ಚಿಕ್ಕ ತಳಿ ಮಧ್ಯೆ ಮಧ್ಯೆ ಒಂದು ಹಿಂಗಾಲನ್ನು ಎತ್ತಿ ಎರಡು ಹೆಜ್ಜೆ ಕುಂಟಿ ಮತ್ತೆ ಸರಿಯಾಗಿ ಓಡಿದರೆ ಮೊಣಕಾಲಿನ ಚಿಪ್ಪು ಜಾರುತ್ತಿರಬಹುದು. ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಎರಡೂ ಹಿಂಗಾಲನ್ನು ಮೊಲದಂತೆ ಜೊತೆಗೇ ಎತ್ತಿ ಹಾಕಿದರೆ ಸೊಂಟದ ಕೀಲು ನೋಡಿಸಬೇಕು. ಕೂರುವಾಗ ಯಾವಾಗಲೂ ಒಂದೇ ಕಾಲನ್ನು ಹೊರಚಾಚಿ ಕೂರುವುದು, ಕಾರು ಹತ್ತಲು ಹಿಂಜರಿಯುವುದು, ಬಾರ್ ಅನ್ನು ಪ್ರತಿಸಲ ಒಂದೇ ಕಾಲಿನಿಂದ ತಾಗಿಸುವುದು, ಇವು ಯಾವುದಿದ್ದರೂ ತರಬೇತಿ ನಿಲ್ಲಿಸಿ ಪಶುವೈದ್ಯರಿಗೆ ಆ ವಿಡಿಯೊ ತೋರಿಸಿ. ಪರೀಕ್ಷೆಯ ಮೇಜಿನ ಮೇಲೆ ನಾಯಿ ಕುಂಟುವುದನ್ನು ಮರೆತುಬಿಡುತ್ತದೆ, ವಿಡಿಯೊ ಮರೆಯುವುದಿಲ್ಲ.

ನಮ್ಮ ಕಡೆ ಇನ್ನೊಂದು ಕಾರಣವನ್ನು ಎಂದೂ ಬಿಡಬಾರದು: ಉಣುಗು ಕಚ್ಚಿ ಬರುವ ಜ್ವರ. ಊಟ ಅರ್ಧಕ್ಕೆ ಬಿಡುವುದು, ಓಟದಲ್ಲಿ ಉತ್ಸಾಹ ಇಳಿಯುವುದು, ವಸಡು ಬಿಳಿಚುವುದು ಇದರ ಮೊದಲ ಗುರುತುಗಳು. ಥರ್ಮಾಮೀಟರ್ 39.2 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ ಎಣಿಕೆಯನ್ನು ವೈದ್ಯರು ಅದರಲ್ಲಿ ನೋಡುತ್ತಾರೆ.

ವಯಸ್ಸಿನ ಲೆಕ್ಕವೂ ಮೈಯ ಲೆಕ್ಕವೇ. ಮೂಳೆಯ ತುದಿಯ ಬೆಳವಣಿಗೆ ಪಟ್ಟಿಗಳು ಮುಚ್ಚುವವರೆಗೆ, ಅಂದರೆ ಚಿಕ್ಕ ತಳಿಗೆ ಸುಮಾರು 12 ತಿಂಗಳು, ದೊಡ್ಡ ತಳಿಗೆ 18 ತಿಂಗಳು ಅಥವಾ ಇನ್ನೂ ಮುಂದಕ್ಕೆ, ಬಾರ್ ನಾಯಿಯ ಮುಂಗಾಲಿನ ಮಣಿಕಟ್ಟಿನ ಎತ್ತರ ದಾಟಬಾರದು ಮತ್ತು ವೀವ್ ಕಂಬಗಳ, ಅಂದರೆ ನಾಯಿ ಎಡಬಲಕ್ಕೆ ನುಸುಳುತ್ತಾ ಸಾಗುವ ಕಂಬಗಳ ಸಾಲಿನ, ವೇಗದ ಅಭ್ಯಾಸ ಬೇಡ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ಸ್ಪರ್ಧೆಗೆ ಕನಿಷ್ಠ 18 ತಿಂಗಳಿನ ಮಿತಿ ಇಟ್ಟಿದೆ. ತೂಕವನ್ನೂ ನೋಡಿ: ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಬೆರಳಿಗೆ ಮಾತ್ರ ಸುಲಭವಾಗಿ ಸಿಗಬೇಕು. ಮೈ ತುಂಬಿದ ಲ್ಯಾಬ್ರಡಾರ್‌ನ ಬಾರ್ ದೋಷಕ್ಕೆ ಮದ್ದು ಊಟದ ಬಟ್ಟಲಲ್ಲೇ ಇದೆ.

ಇನ್ನು ನೆಲ. ಸಿಮೆಂಟ್, ಟೈಲ್ಸ್, ತಾರಸಿ ಇವು ಜಂಪಿಗೆ ಆಗುವುದಿಲ್ಲ. ಹುಲ್ಲು ಅಥವಾ ಸಡಿಲ ಮಣ್ಣು ಬೇಕು. ಬಯಲಿನ ಮೈದಾನದಲ್ಲಿ ಮೊದಲು ಬರಿಗೈ ಆಡಿಸಿ ನೆಗ್ಗಿಲು ಮುಳ್ಳು ಇದೆಯೇ ನೋಡಿ. ನಾಯಿ ಜಂಪಿನ ಮುಂದೆ ಹೆಜ್ಜೆ ಕಿರಿದು ಮಾಡಿದರೆ ಪಾದದಲ್ಲಿ ಮುಳ್ಳಿರುವುದೂ ಉಂಟು. ಬಿಸಿಲಿನಲ್ಲಿ ಅಂಗೈಯ ಹಿಂಬದಿಯನ್ನು 7 ಸೆಕೆಂಡ್ ನೆಲಕ್ಕೆ ಒತ್ತಿ ಹಿಡಿಯಿರಿ. ನಿಮಗೆ ತಾಳಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಉಗುರು ಉದ್ದ ಬೆಳೆದಿದ್ದರೆ ಎಂಥ ಒಳ್ಳೆಯ ಹುಲ್ಲಿನಲ್ಲೂ ಜಾರುತ್ತದೆ. ಟೈಲ್ಸ್ ಮೇಲೆ ನಡೆಯುವಾಗ ಟಕಟಕ ಸದ್ದು ಬಂದರೆ ಕತ್ತರಿಸುವ ಹೊತ್ತಾಗಿದೆ.

ಬಾರ್ ಬೀಳಿಸುತ್ತದೆ

ಅಜಿಲಿಟಿ ಹುಟ್ಟಿದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಕುದುರೆ ಜಿಗಿತದ ಮಾದರಿಯಲ್ಲಿ. ತಾಗಿದರೆ ಬಾರ್ ಬೀಳಲೇಬೇಕು ಎಂಬ ನಿಯಮ ನಾಯಿಯ ಕಾಲು ಉಳಿಸುವ ನಿಯಮವೂ ಹೌದು. ಬಿದ್ದಾಗಲೆಲ್ಲ ಎತ್ತಿಡುವುದು ಬೇಸರ ಎಂದು ಬಾರ್ ಅನ್ನು ದಾರದಿಂದ ಕಟ್ಟಿದವರ ಸಾಮಾನಿನ ಮೇಲೆ ನಾಯಿಯನ್ನು ಹಾರಿಸಬೇಡಿ.

ಮೊದಲ ಪ್ರಶ್ನೆ: ತಾಗಿದ್ದು ಮುಂಗಾಲೋ ಹಿಂಗಾಲೋ? ಸ್ಲೋ ಮೋಷನ್ ಇದಕ್ಕೇ ಬೇಕು. ಮುಂಗಾಲು ತಾಗಿದರೆ ನಾಯಿ ಬಾರ್‌ಗೆ ತೀರಾ ಹತ್ತಿರ ಬಂದು ನೆಲ ಬಿಟ್ಟಿದೆ, ಅಥವಾ ಹಾರುವ ಹೊತ್ತಿಗೆ ತಲೆ ಎತ್ತಿ ನಿಮ್ಮನ್ನು ನೋಡಿದೆ. ಹಿಂಗಾಲು ತಾಗಿದರೆ ತೀರಾ ದೂರದಿಂದ ಹಾರಿದೆ, ಅಥವಾ ಗಾಳಿಯಲ್ಲಿರುವಾಗ ನೀವು ಕರೆದದ್ದರಿಂದ ಮೈ ತಿರುಚಿದೆ.

ನಿಮ್ಮ ಕರೆ ಅಥವಾ ಚಲನೆಯೇ ಕಾರಣವೇ ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ. ಜಂಪಿನ ಆಚೆ 5 ಮೀಟರ್ ದೂರದಲ್ಲಿ ಮುಚ್ಚಳದ ಮೇಲೆ ಟ್ರೀಟ್ ಇಡಿ. ನೀವು ನಾಯಿಯ ಪಕ್ಕ ನಿಂತು ಬಿಡುವ ಮಾತು, ಅಂದರೆ ಹೊರಡಲು ಕೊಡುವ ಮಾತಿನ ಸೂಚನೆ, ಹೇಳಿ, ಅಲ್ಲಾಡದೆ ನಿಂತುಬಿಡಿ. ಐದು ಸಲ. ಬಾರ್ ಒಮ್ಮೆಯೂ ಬೀಳದಿದ್ದರೆ ನಾಯಿಗೆ ಹಾರಲು ಬರುತ್ತದೆ, ಅದನ್ನು ಕೆಡಿಸುತ್ತಿರುವುದು ನಿಮ್ಮ ಚಲನೆ. ಆಗ ಮಾಡಬೇಕಾದದ್ದು: ತಿರುವಿನ ಸೂಚನೆಯನ್ನು ನಾಯಿ ಜಂಪಿಗೆ ಎರಡು ಹೆಜ್ಜೆ ಇರುವಾಗಲೇ ಕೊಟ್ಟು ಮುಗಿಸಿ. ಸೂಚನೆ ಅಂದರೆ ಬಾಯಿಮಾತಿಗಿಂತ ಮೊದಲು ನಿಮ್ಮ ವೇಗ ಇಳಿಯುವುದು ಮತ್ತು ಭುಜ ಹೊಸ ದಿಕ್ಕಿಗೆ ತಿರುಗುವುದು. ನಾಯಿ ಗಾಳಿಯಲ್ಲಿರುವಾಗ ಹೆಸರು ಕೂಗಬೇಡಿ. ತಡವಾಗಿದ್ದರೆ ಅದು ನೆಲ ಮುಟ್ಟುವವರೆಗೆ ಬಾಯಿ ಮುಚ್ಚಿಕೊಂಡಿರಿ.

ಒಬ್ಬಂಟಿ ಪರೀಕ್ಷೆಯಲ್ಲೂ ಬಾರ್ ಬಿದ್ದರೆ ಹಾರುವ ಜಾಗದ ಅಂದಾಜು ನಾಯಿಗೆ ಇಲ್ಲ ಎಂದರ್ಥ. ಐದು ಜಂಪ್‌ಗಳ ಸಾಲು ಹಾಕಿ. ಭುಜದ ಎತ್ತರ 50 ಸೆಂ.ಮೀ. ಇರುವ ನಾಯಿಗೆ ಬಾರ್ 20 ಸೆಂ.ಮೀ., ಜಂಪಿನಿಂದ ಜಂಪಿಗೆ 1.5ರಿಂದ 1.8 ಮೀಟರ್ ಅಂತರದಿಂದ ಶುರು ಮಾಡಿ. ಎರಡು ಬಾರ್‌ಗಳ ನಡುವೆ ನಾಯಿ ಒಂದೇ ಸಲ ನೆಲ ಮುಟ್ಟಿ ಮತ್ತೆ ಹಾರಬೇಕು. ನಡುವೆ ಒಂದು ಪುಟ್ಟ ಹೆಜ್ಜೆ ತುರುಕಿದರೆ ಅಂತರ ಹೆಚ್ಚಾಗಿದೆ, 15 ಸೆಂ.ಮೀ. ಕಡಿಮೆ ಮಾಡಿ, ಎದೆ ಮುಂದಿನ ಬಾರ್ ಮೇಲೆ ಬೀಳುವಂತಿದ್ದರೆ ಅಷ್ಟೇ ಹೆಚ್ಚಿಸಿ. ನಾಯಿಯ ತಲೆ ತಗ್ಗಿ, ಬೆನ್ನು ಕಮಾನಿನಂತೆ ಬಾಗಿ ಹಾರಿದರೆ ಅಂತರ ಸರಿಯಾಗಿದೆ. ವಾರಕ್ಕೆ ಎರಡು ದಿನ, ದಿನಕ್ಕೆ ಆರು ಸುತ್ತಿಗಿಂತ ಹೆಚ್ಚು ಬೇಡ. ಮುಧೋಳ ನಾಯಿಗೆ ಈ ಅಂಕಿ ಸಾಲುವುದಿಲ್ಲ. ಅದರ ಕಾಲು ಉದ್ದ, ದಾಪು ಉದ್ದ, ಆದ್ದರಿಂದ 2 ಮೀಟರ್‌ನಿಂದ ಅಳೆಯುತ್ತಾ ಬನ್ನಿ. ನೇರ ಓಟದಲ್ಲಿ ಅದನ್ನು ಮೀರಿಸುವುದು ಕಷ್ಟ, ಬಿಗಿ ತಿರುವಿನಲ್ಲಿ ಅದಕ್ಕೇ ಕಷ್ಟ. ತಿರುವಿನ ಸೂಚನೆ ಒಂದು ಹೆಜ್ಜೆ ಮುಂಚೆ ಬೇಕಾಗುತ್ತದೆ.

ಬಣ್ಣವನ್ನು ಹಲವರು ಲೆಕ್ಕಕ್ಕೇ ಇಡುವುದಿಲ್ಲ. ನಾಯಿಯ ಕಣ್ಣಿಗೆ ನೀಲಿ ಮತ್ತು ಹಳದಿ ಚೆನ್ನಾಗಿ ಬೇರೆಯಾಗಿ ಕಾಣುತ್ತವೆ, ಕೆಂಪು ಮತ್ತು ಹಸಿರು ಹಾಗಲ್ಲ. ಹಸಿರು ಹುಲ್ಲಿನ ಮೇಲೆ ಕೆಂಪು ಪಟ್ಟಿಯ ಬಾರ್ ನಮಗೆ ಎದ್ದು ಕಾಣುತ್ತದೆ, ಅದಕ್ಕೆ ಮಂಕು. ಬಿಳಿ ಪಿವಿಸಿ ಪೈಪಿಗೆ ನೀಲಿ, ಹಳದಿ ಟೇಪ್ ಪಟ್ಟಿ ಸುತ್ತಿ. ಪೈಪು ಒಂದು ಇಂಚು ದಪ್ಪ, 120 ಸೆಂ.ಮೀ. ಉದ್ದ ಇರಲಿ. ವೈರಿಂಗ್‌ಗೆ ಹಾಕುವ ತೆಳು ಪೈಪು ಗಾಳಿಗೇ ಬೀಳುತ್ತದೆ. ತಾನು ತಾಗದಿದ್ದರೂ ಬಾರ್ ಬೀಳುವುದನ್ನು ಕಂಡ ನಾಯಿಗೆ ಬೀಳುವುದು ಮಾಮೂಲು ಎನಿಸಿಬಿಡುತ್ತದೆ.

ಎತ್ತರದ ಆಸೆ ತಡೆದುಕೊಳ್ಳಿ. ಎಫ್‌ಸಿಐ ಸ್ಪರ್ಧೆಯಲ್ಲಿ ಭುಜದ ಎತ್ತರ 35 ಸೆಂ.ಮೀ.ಗಿಂತ ಕಡಿಮೆ ಇರುವ ನಾಯಿಗೆ ಬಾರ್ 25ರಿಂದ 30, 43ರೊಳಗಿನದಕ್ಕೆ 35ರಿಂದ 40, 48ರೊಳಗಿನದಕ್ಕೆ 45ರಿಂದ 50, ಅದಕ್ಕೂ ಎತ್ತರದ ನಾಯಿಗೆ 55ರಿಂದ 60 ಸೆಂ.ಮೀ. ಕಲಿಯುವ ನಾಯಿಗೆ ಮೊದಲ ಆರು ತಿಂಗಳು ಅದರ ಮೊಣಕೈ ಎತ್ತರವೇ ಮಿತಿ. ಆಮೇಲೆ ಏರಿಸುವುದು 5 ಸೆಂ.ಮೀ.ನಂತೆ.

ಜಂಪ್ ಬಿಟ್ಟು ಪಕ್ಕದಿಂದ ಓಡುತ್ತದೆ

ನಾಯಿ ನಮ್ಮನ್ನು ಓದುವ ಕ್ರಮದಲ್ಲಿ ಓಟದ ದಿಕ್ಕು ಮೊದಲು, ಆಮೇಲೆ ಎದೆ ಮತ್ತು ಪಾದ, ಆಮೇಲೆ ಕೈ, ಕೊನೆಗೆ ಮಾತು. ನಿಮ್ಮ ಕೈ ಜಂಪಿನ ಕಡೆ, ಪಾದ ಬೇರೆ ಕಡೆ ತೋರುತ್ತಿದ್ದರೆ ನಾಯಿ ಪಾದವನ್ನೇ ನಂಬುತ್ತದೆ. ನಂಬಿದ್ದು ಅದರ ತಪ್ಪಲ್ಲ. ಪತ್ತೆ ಹಚ್ಚಲು ಒಂದು ಸುತ್ತು ಒಂದೂ ಮಾತಾಡದೆ ಓಡಿ. ಮೂಕ ಓಟದಲ್ಲಿ ಸರಿಹೋದರೆ ನಿಮ್ಮ ಮಾತು ತಡವಾಗಿ ಬಂದು ಗೊಂದಲ ಎಬ್ಬಿಸುತ್ತಿತ್ತು. ಮೂಕ ಓಟದಲ್ಲೂ ತಪ್ಪಿದರೆ ನೀವು ಓಡುವ ದಾರಿಯನ್ನೇ ಬದಲಿಸಬೇಕು.

ಹೊಸಬರಲ್ಲಿ ಸಾಮಾನ್ಯವಾದ ತಪ್ಪು ಜಂಪಿನ ಹತ್ತಿರ ಬಂದು ನಿಂತು, ಸೊಂಟ ಬಗ್ಗಿಸಿ, ಕೈಯಿಂದ ಬಾರ್ ತೋರಿಸುವುದು. ನಿಂತ ಮನುಷ್ಯನ ಬಳಿ ನಾಯಿಯೂ ನಿಲ್ಲುತ್ತದೆ. ಜಂಪಿನ ಪಕ್ಕ ಒಂದು ಮೀಟರ್ ಬಿಟ್ಟು, ನಾಯಿ ಬಾರ್ ದಾಟುವವರೆಗೆ ಒಂದೇ ವೇಗದಲ್ಲಿ ಮುಂದಕ್ಕೆ ನಡೆಯಿರಿ.

ಎರಡನೇ ಕಾರಣ ಬಹುಮಾನ ಸಿಗುವ ಜಾಗ. ಟ್ರೀಟ್ ಸದಾ ನಿಮ್ಮ ಜೇಬಿನಿಂದ ಬಂದರೆ ನಾಯಿಯ ಕಣ್ಣೂ ಜೇಬಿನ ಮೇಲೆಯೇ. ಬಾರ್ ದಾಟಿದ ಕೂಡಲೇ ಟ್ರೀಟ್ ಅನ್ನು ಮುಂದಕ್ಕೆ, ನಾಯಿ ಓಡುತ್ತಿರುವ ಗೆರೆಯ ಮೇಲೆ ಎಸೆಯಿರಿ. ಹುಲ್ಲಿನಲ್ಲಿ ಚೂರು ಕಾಣೆಯಾಗಿ ಮೂಸುವ ಅಭ್ಯಾಸ ಹತ್ತುತ್ತದೆ, ಆದ್ದರಿಂದ ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ ಎಸೆದು, ನೀವೇ ಬಿಚ್ಚಿ ಕೊಡಿ. ಚೂರು ಕಡಲೆಕಾಳಿನಷ್ಟು ಸಾಕು. ಬೇಯಿಸಿದ ಕೋಳಿ, ಪನೀರ್, ಬೇಯಿಸಿದ ಸಿಹಿಕುಂಬಳ ನಡೆಯುತ್ತದೆ. ಒಣದ್ರಾಕ್ಷಿ, ದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ. ಟ್ರೀಟ್ ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರದಿರಲಿ, ಕೊಟ್ಟಷ್ಟನ್ನು ಊಟದಲ್ಲಿ ಕಡಿತ ಮಾಡಿ.

ಟನಲ್

ಟನಲ್ ಬಾಯಲ್ಲಿ ನಿಂತ ನಾಯಿ ಸಾಮಾನ್ಯವಾಗಿ ಆಚೆ ತುದಿಯ ಬೆಳಕು ಕಾಣದೆ ನಿಂತಿರುತ್ತದೆ. ಟನಲ್ ಅನ್ನು ಒಂದು ಮೀಟರಿಗೆ ಮಡಚಿ ನೇರವಾಗಿಡಿ, ಆಚೆ ಬಾಯಲ್ಲಿ ಕೂತು ಒಳಗಿನಿಂದಲೇ ಮುಖ ತೋರಿಸಿ. ಬೆಳಕು ಮರೆಯಾಗುವ ಬಾಗು ಕೊಡುವುದು ಪೂರ್ತಿ ಉದ್ದದ ನೇರ ಟನಲ್ ಸಲೀಸಾದ ಮೇಲೆ. ಸ್ಪರ್ಧೆಯ ಟನಲ್ ಒಳಗೆ 60 ಸೆಂ.ಮೀ. ಅಗಲ ಇರುತ್ತದೆ. ಮಕ್ಕಳ ಆಟದ ಟನಲ್ ಹೆಚ್ಚಾಗಿ ಅದಕ್ಕಿಂತ ಕಿರಿದು. ಚಿಕ್ಕ ನಾಯಿಗೆ ಸಾಕು, ಲ್ಯಾಬ್ರಡಾರ್ ಅದರಲ್ಲಿ ಬೆನ್ನು ಉಜ್ಜಿಕೊಂಡು ಹೆದರುತ್ತದೆ. ಎರಡೂ ಬದಿಗೆ ಮರಳು ಚೀಲ ಇಟ್ಟು ಉರುಳದಂತೆ ಬಿಗಿ ಮಾಡಿ. ಒಮ್ಮೆ ಟನಲ್ ಹೊರಳಿತೆಂದರೆ ನಾಯಿಯ ನಂಬಿಕೆ ವಾಪಸು ಬರಲು ವಾರಗಳು ಬೇಕು. ಮಳೆಗಾಲದಲ್ಲಿ ರಾತ್ರಿ ಹೊರಗೆ ಬಿಟ್ಟ ಟನಲ್ ಅನ್ನು ಬೆಳಿಗ್ಗೆ ಎತ್ತಿ ಕೊಡವದೆ ನಾಯಿಯನ್ನು ಬಿಡಬೇಡಿ, ಹಾವು ಕಪ್ಪೆ ಸೇರಿರುತ್ತವೆ. ಬಿಸಿಲಿಗೆ ಇಟ್ಟ ಪ್ಲಾಸ್ಟಿಕ್ ಟನಲ್ ಒಳಗೆ ಒಲೆಯ ಹಾಗಿರುತ್ತದೆ. ಕೈ ಹಾಕಿ ನೋಡಿ.

ಒಳಗೆ ಹೋಗಿ ಅದೇ ಬಾಯಿಂದ ವಾಪಸು ಬಂದರೆ ತಪ್ಪು ನಿಮ್ಮದು. ನಾಯಿ ಒಳಗಿರುವಾಗ ನೀವು ನಿಂತಿರಿ, ನಿಮ್ಮ ದನಿ ಹಿಂದಿನಿಂದ ಕೇಳಿತು. ಅದು ಒಳಗೆ ಹೊಕ್ಕ ಕೂಡಲೇ ಹೊರಬಾಯಿಯ ಕಡೆ ಓಡುತ್ತಾ ಮಾತಾಡಿಸಿ.

ಹಲಗೆ ಪೂರ್ತಿ ಇಳಿಯದೆ ಜಿಗಿಯುತ್ತದೆ

ಎ-ಫ್ರೇಮ್ (ಎರಡು ಹಲಗೆ ಸೇರಿದ ಗುಡಾರದಂಥ ಏರಿಳಿತ), ಡಾಗ್ ವಾಕ್ (ಎತ್ತರದ ಕಿರಿದಾದ ಹಲಗೆ ಸೇತುವೆ), ಸೀಸಾ (ನಡುವೆ ಆಧಾರವಿದ್ದು ಮೇಲೆ ಕೆಳಗೆ ತೂಗುವ ಹಲಗೆ) ಇವುಗಳ ತುದಿಗೆ ಬೇರೆ ಬಣ್ಣ ಬಳಿದಿರುವುದು ಸುರಕ್ಷತೆಗೆ. ಎ-ಫ್ರೇಮಿನಲ್ಲಿ ಕೊನೆಯ 106 ಸೆಂ.ಮೀ., ಡಾಗ್ ವಾಕ್ ಮತ್ತು ಸೀಸಾದಲ್ಲಿ 90 ಸೆಂ.ಮೀ. ಇಳಿಯುವಾಗ ಆ ಭಾಗಕ್ಕೆ ಪಾದ ಇಡದೆ ಹಾರಿದರೆ 5 ಅಂಕದ ದೋಷ. ಅಂಕ ಹೋಗಲಿ, ಮೇಲಿಂದ ಜಿಗಿದ ನಾಯಿಯ ಭಾರವೆಲ್ಲ ಮುಂಗಾಲಿನ ಭುಜಕ್ಕೆ ಬೀಳುತ್ತದೆ. ಈ ದೋಷವನ್ನು ಯಾವ ಕಾರಣಕ್ಕೂ ಮುಂದಕ್ಕೆ ಹಾಕಬಾರದು.

ಹೊಸಬರಿಗೆ ಭರವಸೆಯ ವಿಧಾನ ಎರಡು ಕಾಲು ಮೇಲೆ, ಎರಡು ಕಾಲು ಕೆಳಗೆ: ಹಿಂಗಾಲು ಹಲಗೆಯ ತುದಿಯಲ್ಲಿ, ಮುಂಗಾಲು ನೆಲದಲ್ಲಿ, ನೇರ ಮುಖ, ಬಿಡುವ ಮಾತು ಬರುವವರೆಗೆ ನಿಲ್ಲುವುದು. ಅದಕ್ಕೆ ಮನೆಯ ಮೆಟ್ಟಿಲಿನ ಕೊನೆಯ ಹಂತವೇ ಮೊದಲ ಸಾಮಾನು. ಅಲ್ಲಿ ಐದಕ್ಕೆ ಐದು ಬಂದ ಮೇಲೆ 8 ಅಡಿ ಉದ್ದ, 12 ಇಂಚು ಅಗಲದ ಹಲಗೆಯನ್ನು ನೆಲಕ್ಕೆ ಹಾಕಿ. ಆಮೇಲೆ ಒಂದು ತುದಿಗೆ ಮಲಗಿಸಿದ ಒಂದು ಇಟ್ಟಿಗೆ, ಆಮೇಲೆ ಎರಡು, ಹೀಗೆ ಎತ್ತರ ಕೊಡುತ್ತಾ ಹೋಗಿ. ಹಲಗೆ 18 ಮಿ.ಮೀ. ಪ್ಲೈವುಡ್ ಆಗಿದ್ದರೆ ಅಡಿಯಲ್ಲಿ ಉದ್ದಕ್ಕೂ ಎರಡು ರೀಪು ಹೊಡೆಯಿರಿ. ಇಲ್ಲವಾದರೆ 25 ಕಿಲೋ ನಾಯಿಯ ಕೆಳಗೆ ಅದು ಬಾಗುತ್ತದೆ, ಬಾಗಿದ ಹಲಗೆಯಿಂದ ನಾಯಿ ಜಿಗಿದರೆ ಅದು ಭಯದ ಜಿಗಿತ. ಅವಸರದ ಜಿಗಿತ ಎಂದು ತಪ್ಪಾಗಿ ಓದಬೇಡಿ. ಮಿರುಗುವ ಎನಾಮಲ್ ಬಣ್ಣವೂ ಜಾರಿಸುತ್ತದೆ. ಬಣ್ಣ ಹಸಿಯಿರುವಾಗ ಜರಡಿ ಹಿಡಿದ ನುಣ್ಣನೆ ಒಣ ಮರಳು ಉದುರಿಸಿ, ಒಣಗಿದ ಮೇಲೆ ಇನ್ನೊಂದು ತೆಳು ಕೋಟ್ ಬಳಿಯಿರಿ. ಪಾದಕ್ಕೆ ಹಿಡಿತ ಸಿಗುವಷ್ಟು ಒರಟಾಗಬೇಕು, ಉಪ್ಪುಕಾಗದದಂತೆ ಪಾದ ಸುಲಿಯಬಾರದು.

ಸಾಮಾನು ಸರಿಯಿದ್ದೂ ಜಿಗಿದರೆ ಯಾವ ಸಂದರ್ಭದಲ್ಲಿ ಜಿಗಿಯುತ್ತದೆ ಎಂದು ಬೇರ್ಪಡಿಸಿ. ನೀವು ಪಕ್ಕದಲ್ಲಿ ನಿಂತಾಗ ನಿಲ್ಲುತ್ತದೆ, ನೀವು ಓಡಿ ಮುಂದೆ ಹೋದಾಗ ಜಿಗಿಯುತ್ತದೆ ಎಂದಾದರೆ ಅದು ಕಲಿತದ್ದು ಹಲಗೆಯ ತುದಿಯಲ್ಲಿ ನಿಲ್ಲುವುದನ್ನಲ್ಲ, ನೀವು ನಿಂತಾಗ ನಿಲ್ಲುವುದನ್ನು. ಇದೇ ಅತಿ ಸಾಮಾನ್ಯ ಕಾರಣ. ಇಟ್ಟಿಗೆಯ ಹಲಗೆಗೆ ಮರಳಿ, ನೀವು ದಾಟಿ ನಡೆಯಿರಿ, ಆಮೇಲೆ ದಾಟಿ ಓಡಿ, ಆಮೇಲೆ ಹಿಂದೆಯೇ ಉಳಿಯಿರಿ, ಆಮೇಲೆ ಆಟಿಕೆ ಎಸೆಯಿರಿ. ನಾಯಿ ಕದಲದಿದ್ದರೆ ಮಾತ್ರ ಬಹುಮಾನ. ಹಿಂಗಾಲು ಪಕ್ಕಕ್ಕೆ ಜಾರಿ ನಾಯಿ ಓರೆಯಾಗಿ ನಿಂತರೆ ನೀವು ಟ್ರೀಟ್ ಅನ್ನು ಪಕ್ಕದಿಂದ, ಮೇಲಿನಿಂದ ಕೊಡುತ್ತಿದ್ದೀರಿ. ಹಲಗೆಯ ನೇರಕ್ಕೆ, ಅದರ ಎರಡು ಮುಂಗಾಲುಗಳ ನಡುವೆ, ನೆಲದ ಮೇಲೆ ಕೊಡಿ. ಮಾತು ಹೇಳುವ ಮುಂಚೆ ನಿಮ್ಮ ಭುಜ ಅಲ್ಲಾಡುತ್ತದೆಯೇ ಎಂದೂ ವಿಡಿಯೊದಲ್ಲಿ ನೋಡಿ. ನಾಯಿ ಮಾತಿಗಲ್ಲ, ಭುಜಕ್ಕೆ ಬಿಡುಗಡೆ ಆಗುತ್ತಿರಬಹುದು.

ಎ-ಫ್ರೇಮಿನ ಶಿಖರ ಸ್ಪರ್ಧೆಯಲ್ಲಿ 1.7 ಮೀಟರ್. ಅಭ್ಯಾಸಕ್ಕೆ ಒಂದು ಮೀಟರ್ ಸಾಕು. ನಿಲ್ಲುವ ಅಭ್ಯಾಸವನ್ನು ಪೂರ್ತಿ ಎತ್ತರದಲ್ಲಿ ಮತ್ತೆ ಮತ್ತೆ ಮಾಡಿಸಿದರೆ ಭುಜ ಸವೆಯುತ್ತದೆ.

ಸೀಸಾ ಕಂಡರೆ ಓಡಿಹೋಗುತ್ತದೆ

ಇದರಲ್ಲಿ ಎರಡು ಭಯಗಳಿವೆ, ಬೇರೆ ಬೇರೆ ಬಿಡಿಸಬೇಕು. ಒಂದು ಸದ್ದಿನ ಭಯ, ಇನ್ನೊಂದು ಕಾಲಡಿ ಕದಲುವ ಭಯ. ನಾಯಿಯಿಂದ 5 ಮೀಟರ್ ದೂರದಲ್ಲಿ ಇನ್ನೊಬ್ಬರು ಹಲಗೆಯ ತುದಿಯನ್ನು ನೆಲಕ್ಕೆ ಬಡಿಯಲಿ. ಬೆಚ್ಚಿದರೆ ಸದ್ದು ಕಾರಣ. ಬೆಚ್ಚದಿದ್ದರೆ, ಅಡಿಯಲ್ಲಿ ಒಂದು ಸಣ್ಣ ಕೋಲಿಟ್ಟು ಎರಡು ಸೆಂ.ಮೀ. ಮಾತ್ರ ತೂಗುವ ಅಗಲ ಹಲಗೆಯ ಮೇಲೆ ಹತ್ತಿಸಿ ನೋಡಿ. ಅಲ್ಲಿ ಇಳಿದೋಡಿದರೆ ಚಲನೆ ಕಾರಣ. ಸದ್ದಿಗೆ ಮದ್ದು: ತುದಿ ಬೀಳುವ ಜಾಗದಲ್ಲಿ ಹಳೆ ಹಾಸಿಗೆ ಅಥವಾ ಟೈರು ಇಟ್ಟು, ಬೀಳುವ ಎತ್ತರ 5 ಸೆಂ.ಮೀ.ನಿಂದ ಶುರು ಮಾಡಿ, ನಾಯಿಯೇ ಮುಂಗಾಲಿನಿಂದ ಒತ್ತಿ ಸದ್ದು ಮಾಡಲಿ. ತಾನು ಮಾಡಿದ ಸದ್ದಿಗೆ ನಾಯಿ ಬೇಗ ಒಗ್ಗುತ್ತದೆ.

ನಾಯಿ ಚಿಕ್ಕದಾಗಿದ್ದು ಹಲಗೆ ಇಳಿಯುವುದನ್ನು ಕಾಯಲಾರದೆ ಹಾರಿದರೆ ಹಲಗೆಯನ್ನೇ ಪರೀಕ್ಷಿಸಿ. ಇಳಿಯುವ ಬದಿಯ ನಡುಮಧ್ಯದಲ್ಲಿ 1 ಕಿಲೋ ತೂಕ ಇಟ್ಟರೆ 3 ಸೆಕೆಂಡ್ ಒಳಗೆ ತುದಿ ನೆಲ ಮುಟ್ಟಬೇಕು ಎಂಬುದು ಎಫ್‌ಸಿಐ ಅಳತೆ. ಮನೆಯಲ್ಲಿ ಮಾಡಿದ ಹಲಗೆಗಳು ಹೆಚ್ಚಾಗಿ ಇದರಲ್ಲಿ ಸೋಲುತ್ತವೆ.

ವೀವ್ ಕಂಬಗಳಲ್ಲಿ ನಡುವೆ ಹೊರಬರುತ್ತದೆ

ಮೊದಲು ಟೇಪು ಹಿಡಿದು ಅಳೆಯಿರಿ. ಕಂಬದಿಂದ ಕಂಬಕ್ಕೆ 60 ಸೆಂ.ಮೀ. ಇರಬೇಕು. ತೋಟದಲ್ಲಿ ಕಣ್ಣಂದಾಜಿಗೆ ನೆಟ್ಟವು 50ಕ್ಕೆ ಬಂದಿರುತ್ತವೆ, ದೊಡ್ಡ ನಾಯಿ ಅಲ್ಲಿ ಮೈ ತಿರುಚಲಾಗದೆ ಹೊರಬೀಳುತ್ತದೆ. ಕಂಬ ಬಾಗುವಂತಿರಲಿ, ಕಬ್ಬಿಣದ ಸರಳು ಭುಜಕ್ಕೆ ಪೆಟ್ಟು.

ಒಳಹೊಗುವ ನಿಯಮ ಒಂದೇ: ಮೊದಲ ಕಂಬ ನಾಯಿಯ ಎಡ ಭುಜದ ಕಡೆ ಬರಬೇಕು. ಇಲ್ಲಿ ತಪ್ಪುವ ನಾಯಿ ಸಾಮಾನ್ಯವಾಗಿ ನೇರ ಎದುರಿನಿಂದ ಮಾತ್ರ ಅಭ್ಯಾಸ ಮಾಡಿರುತ್ತದೆ. ಎರಡೇ ಕಂಬ ಉಳಿಸಿ, ಅವನ್ನು ಗಡಿಯಾರದ ನಡು ಎಂದುಕೊಂಡು, 6 ಗಂಟೆಯ ಜಾಗದಿಂದ ಶುರು ಮಾಡಿ 5, 7, 4, 8 ಹೀಗೆ ಬೇರೆ ಬೇರೆ ಕೋನದಿಂದ ಕಳಿಸಿ. ಎಲ್ಲ ಕೋನದಲ್ಲೂ ಬಂದ ಮೇಲೆ ನಾಲ್ಕು, ಆಮೇಲೆ ಆರು.

ಸಾಲಿನ ಕೊನೆಯ ಕಂಬಗಳ ಬಳಿ ಹೊರಬಂದರೆ ಬಹುಮಾನ ನಿಮ್ಮ ಕೈಯಿಂದ ಬರುತ್ತಿದೆ. ಕೊನೆಯ ಕಂಬದ ನೇರಕ್ಕೆ 2 ಮೀಟರ್ ಆಚೆ ಆಟಿಕೆ ಇಡಿ. ಕಂಬ ಬಿಟ್ಟ ನಾಯಿಯನ್ನು ಆ ಒಂದು ಕಂಬಕ್ಕೆ ಕೈಯಿಂದ ತೂರಿಸಬೇಡಿ, ಮೊದಲಿನಿಂದ ಕಳಿಸಿ. ದಿನಕ್ಕೆ ಆರು ಕಂಬಗಳ ಎಂಟು ಸುತ್ತು ದಾಟಬಾರದು, ಬೆನ್ನಿಗೆ ಅದಕ್ಕಿಂತ ಹೆಚ್ಚು ಒಳ್ಳೆಯದಲ್ಲ.

ಹೊರಡುವ ಗೆರೆಯಲ್ಲಿ ಕೂರುವುದಿಲ್ಲ

ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ನೀವು ಬಿಡುವ ಮಾತು ಮತ್ತು ಕೈ ಎತ್ತುವುದು ಒಟ್ಟಿಗೇ ಆಗುತ್ತಿದ್ದರೆ ನಾಯಿ ಕೈಗೆ ಹೊರಡುತ್ತದೆ. ಕೈ ಎತ್ತಿ, ಸುಮ್ಮನಿದ್ದು, ವಾಪಸು ಬಂದು ಟ್ರೀಟ್ ಕೊಡಿ, ಹತ್ತು ಸಲ. ಆಮೇಲೆ ಕೈ ಕೆಳಗಿಟ್ಟು ಮಾತು ಮಾತ್ರ ಹೇಳಿ.

ಮೂಸುತ್ತದೆ, ಸುಮ್ಮನೆ ಗಿರಕಿ ಓಡುತ್ತದೆ

ಮೂಸುವುದು, ಮೈ ಕೆರೆದುಕೊಳ್ಳುವುದು, ಆಕಳಿಸುವುದು, ಇದ್ದಕ್ಕಿದ್ದಂತೆ ಮೈದಾನ ಸುತ್ತುವುದು ಇವೆಲ್ಲ ಒತ್ತಡ ಇಳಿಸಿಕೊಳ್ಳುವ ದಾರಿಗಳು. ಸರಿಯಾದದ್ದು ಯಾವುದೆಂದು ಗೊತ್ತಾಗದ ನಾಯಿ ಹೀಗೆ ಮಾಡುತ್ತದೆ. ಮುಂಚಿನ ಎರಡು ನಿಮಿಷದಲ್ಲಿ ಅದು ಎಷ್ಟು ಸಲ ಗೆದ್ದಿತು ಎಂದು ವಿಡಿಯೊದಲ್ಲಿ ಎಣಿಸಿ. ಬೈಗುಳದಿಂದ ಇದು ಹೆಚ್ಚಾಗುತ್ತದೆ. ಒಂದು ಪಾಠ 5ರಿಂದ 7 ನಿಮಿಷ, ದಿನಕ್ಕೆ ಎರಡು, ನಡುವೆ ಮೂರು ಗಂಟೆ ಬಿಡುವು. ಊಟವಾಗಿ ಎರಡು ಗಂಟೆ ಕಳೆದಿರಲಿ, ಶುರುವಿಗೆ ಐದು ನಿಮಿಷ ನಡಿಗೆ ಇರಲಿ.

ಬಿಸಿಲನ್ನು ಇದರ ಜೊತೆಗೇ ಪರಿಗಣಿಸಿ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಬೇಕು. ಮಂಗಳೂರು, ಉಡುಪಿಯ ಸೆಕೆಯಲ್ಲಿ ತಾಪ ಕಡಿಮೆ ಕಂಡರೂ ಅಪಾಯ ಕಡಿಮೆಯಲ್ಲ: ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರಿನಿಂದ ನೀರಾವಿ ಹೊರಬಿಟ್ಟು, ತೇವದ ಗಾಳಿಯಲ್ಲಿ ಅದು ಸರಿಯಾಗಿ ಆಗುವುದಿಲ್ಲ. ನಾಲಿಗೆ ತುದಿ ಅಗಲವಾಗಿ ಸೌಟಿನಂತೆ ಹರಡಿದರೆ ಪಾಠ ನಿಲ್ಲಿಸಿ ನೆರಳಿಗೆ ತನ್ನಿ. ವಸಡು ಇಟ್ಟಿಗೆ ಕೆಂಪಾಗಿ, ನಡಿಗೆ ತೂರಾಡಿದರೆ ಮೈಗೆ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಹೊರಡಿ. ಪಗ್, ಬುಲ್‌ಡಾಗ್‌ನಂಥ ಮೊಂಡು ಮೂಗಿನ ನಾಯಿಗೆ ವೇಗದ ಓಟ ಬೇಡವೇ ಬೇಡ; ಟನಲ್, ನೆಲದ ಹಲಗೆ ಸಾಕು.

ಮನೆಯಲ್ಲಿ ಸರಿ, ಹೊರಗೆ ಎಲ್ಲ ಮರೆತಂತೆ

ನಾಯಿ ಮರೆತಿರುವುದಿಲ್ಲ. ನಿಮ್ಮ ಹಿತ್ತಲಿನಲ್ಲಿ, ಆ ಗೋಡೆಯ ಪಕ್ಕ, ಆ ವಾಸನೆಯ ನಡುವೆ ಜಂಪ್ ಹಾರುವುದನ್ನು ಅದು ಕಲಿತಿದೆ. ಬೀದಿಯಿಂದ ಬಂದ ದೇಸಿ ನಾಯಿಗಳಲ್ಲಿ ಹಲವು ಹೊಸ ಜಾಗವನ್ನು ಪೂರ್ತಿ ನೋಡಿ ಮುಗಿಸದೆ ಕೆಲಸಕ್ಕೆ ಇಳಿಯುವುದಿಲ್ಲ, ಅದು ಅವುಗಳ ಎಚ್ಚರ. ಹೊಸ ಮೈದಾನಕ್ಕೆ ಹೋದಾಗ ಉದ್ದ ಹಗ್ಗದಲ್ಲಿ ಹತ್ತು ನಿಮಿಷ ಮೂಸಲು ಬಿಡಿ. ತಾನಾಗಿ ನಿಮ್ಮ ಮುಖ ನೋಡಿದಾಗ ಒಂದು ಟ್ರೀಟ್ ಕೊಡಿ. ಟ್ರೀಟ್ ತಿನ್ನದಿದ್ದರೆ ಅದು ಇನ್ನೂ ಸಿದ್ಧವಿಲ್ಲ, ಆ ದಿನ ಅಷ್ಟಕ್ಕೇ ವಾಪಸಾಗಿ. ತಿಂದರೆ ಬಾರ್ ಅನ್ನು ನೆಲಕ್ಕೆ ಇಟ್ಟು ಒಂದೇ ಒಂದು ಜಂಪ್ ಹಾಕಿ, ಮೂರು ಸಲ ದಾಟಿಸಿ, ಗಾಡಿ ಹತ್ತಿಸಿ. ಎರಡನೇ ದಿನ ಬಾರ್ 10 ಸೆಂ.ಮೀ. ಇರಲಿ, ಮೂರನೇ ದಿನ ಎರಡು ಜಂಪ್. ಹೀಗೆ ನಾಲ್ಕೈದು ಬೇರೆ ಬೇರೆ ಜಾಗಗಳಲ್ಲಿ ಮಾಡಿಸಿ, ಆರನೇ ಜಾಗದಲ್ಲಿ ಮೊದಲ ಪ್ರಯತ್ನಕ್ಕೇ ಹಾರಿತೇ ಎಂದು ಬರೆದಿಟ್ಟುಕೊಳ್ಳಿ. ಹಾರದಿದ್ದರೆ ಇನ್ನೂ ಎರಡು ಜಾಗ ಸೇರಿಸಿ, ಆಮೇಲೆ ಎತ್ತರ ಏರಿಸಿ.